ಅಚ್ಚಿನ ನೆತ್ತಿಯ ಮೇಲಿನ ಮೂರು ಪಟ್ಟಿ

ಗಾಜುನಾರಿನ, ಅಂದರೆ ಫೈಬರ್‌ಗ್ಲಾಸಿನ, ಕೆಲಸದಲ್ಲಿ ಬಣ್ಣ ಮೊದಲು, ಮೈ ಆಮೇಲೆ. ಇದು ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಕುರ್ಚಿಯನ್ನು ಮಾಡಿ ಮುಗಿಸಿ ಬಣ್ಣ ಹಚ್ಚುತ್ತಾರೆ, ಗೋಡೆಯನ್ನು ಕಟ್ಟಿ ಮುಗಿಸಿ ಸುಣ್ಣ ಬಳಿಯುತ್ತಾರೆ. ಇಲ್ಲಿ ಹಾಗಲ್ಲ. ಖಾಲಿ ಅಚ್ಚಿನ ಮೇಲೆ ಮೊದಲು ಬಣ್ಣದ ಜೆಲ್ ಬಳಿಯುತ್ತಾರೆ. ಅದು ಇನ್ನೂ ಅಂಟಂಟಾಗಿರುವಾಗಲೇ ಗಾಜುನಾರಿನ ಹಾಸು ಹೊದಿಸಿ, ರಾಳ ಬಳಿದು, ರೋಲರ್ ಉರುಳಿಸಿ ಗಾಳಿಗುಳ್ಳೆಗಳನ್ನು ಹೊರಗೆ ತಳ್ಳುತ್ತಾರೆ. ಹೀಗೆ ಪದರಿನ ಮೇಲೆ ಪದರು. ಎಲ್ಲ ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ತಿರುವಿದರೆ, ಮೊದಲು ಹಚ್ಚಿದ್ದೇ ಕಣ್ಣಿಗೆ ಬೀಳುವ ಮುಖ. ಮೊದಲ ಐದು ನಿಮಿಷದಲ್ಲಿ ಮಾಡಿದ ತಪ್ಪನ್ನು ಕೊನೆಯಲ್ಲಿ ಮುಚ್ಚಲು ಬರುವುದಿಲ್ಲ.

ಇಂಥ ಕೆಲಸ ನನಗೆ ಹಿಡಿಸಿತು. ದೊಡ್ಡ ಸರಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿದ್ದವಳು ನಾನು. ಅಲ್ಲಿ ಹೊಟ್ಟೆ ಹೊಲಿಯುವ ಮೊದಲು ಒಳಗೆ ಹೋದ ಬಟ್ಟೆಯ ತುಂಡುಗಳನ್ನು ಎಣಿಸುತ್ತಾರೆ. ಲೆಕ್ಕದಲ್ಲಿ ಒಂದು ಕಡಿಮೆ ಬಂತೆಂದರೆ ಎಷ್ಟು ದೊಡ್ಡ ಸರ್ಜನ್ ಆದರೂ ಸೂಜಿ ಕೆಳಗಿಡಬೇಕು. ನಿನ್ನೆ ಸೇರಿದ ಹುಡುಗಿ ‘ನಿಲ್ಲಿಸಿ’ ಎಂದರೂ ನಿಲ್ಲಿಸಬೇಕು. ನಾನು ಬೆಳೆದದ್ದು ಆ ಶಿಸ್ತಿನಲ್ಲಿ.

ನಿವೃತ್ತಿಯಾಗಿ ಹದಿನೈದು ದಿನ ಮನೆಯಲ್ಲಿದ್ದೆ. ಕಪಾಟು, ಅಡಿಗೆಮನೆ, ದೇವರ ಮನೆ ಎಲ್ಲ ಜೋಡಿಸಿಯಾಯಿತು. ಹದಿನಾರನೆಯ ದಿನ ತಮ್ಮ ಬಂದ. ಅವನದು ಹುಬ್ಬಳ್ಳಿಯ ಹೊರಗಿನ ತಾರಿಹಾಳದಲ್ಲಿ ಗಾಜುನಾರಿನ ಶೆಡ್. ನೀರಿನ ಟಾಕಿಯ ಮುಚ್ಚಳ, ಸೈಕಲ್ ನಿಲ್ದಾಣದ ಚಾವಣಿ, ಹೀಗೆ ಸಪಾಟು ಸಾಮಾನು ಮಾಡಿಕೊಂಡಿದ್ದ.

“ಅಕ್ಕಾ, ನೀ ಬಂದು ಎಂಟ್ ದಿನಾ ಕುಂತು ನೋಡು,” ಅಂದ. “ರಾಳಾ ತೂಗೂದು, ಹಾರ್ಡನರ್ ಹಾಕೂದು, ಎಲ್ಲಾ ಅಂದಾಜಿನ್ಯಾಗ ನಡದೈತಿ. ಒಂದ್ ದಿನಾ ಕಲ್ಲಾಗಿ ಕುಂಡರತೈತಿ, ಒಂದ್ ದಿನಾ ಪಾಯಸ ಆಗಿ ಉಳೀತೈತಿ.”

ಎಂಟು ದಿನಕ್ಕೆ ಅಂತ ಹೋದವಳು ಅಲ್ಲೇ ಉಳಿದೆ. ಬೆಳಿಗ್ಗೆ ಎಂಟಕ್ಕೆ ಶೆಡ್ಡಿನ ಬೀಗ ನಾನೇ ತೆಗೆಯುತ್ತಿದ್ದೆ. ತಕ್ಕಡಿಯ ಪಕ್ಕದ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ಕೆಲಸವನ್ನು ಹದಿನಾಲ್ಕು ಸಾಲಾಗಿ ಬರೆದೆ. ಒಂದೊಂದು ಸಾಲು ಮುಗಿದಾಗಲೂ ಗುರುತು, ಪಕ್ಕದಲ್ಲಿ ಸಹಿ. ಗಾಜುನಾರಿನ ಹಾಸನ್ನು ಕತ್ತರಿಸುವ ಹೆಂಗಸೊಬ್ಬಳಿದ್ದಳು, ಪಕ್ಕದ ಹಳ್ಳಿಯವಳು. ಅವಳ ನಾಲಿಗೆ ಅವಳ ಕತ್ತರಿಗಿಂತ ಚುರುಕು. ಹಲಗೆ ನೋಡಿದವಳೇ, “ಅವ್ವಾರ, ಇದು ಕಾರ್ಖಾನಿನೋ, ದವಾಖಾನಿನೋ? ನಾಳೆ ನಮಗೂ ಸೂಜಿ ಚುಚ್ಚತೀರೇನ?” ಅಂದಳು.

“ತಪ್ಪು ಮಾಡಿದ್ರ ಚುಚ್ಚತೇನಿ,” ಅಂದೆ.

ಹಲಗೆಗೆ ಒಗ್ಗದವರು ಒಬ್ಬರೇ, ಉಸ್ತಾದರು. ಅಚ್ಚು ಮಾಡುವವರು. ಅರವತ್ತು ದಾಟಿದ ಮುಸಲ್ಮಾನ ಹಿರಿಯರು. ಹಳೆ ಹುಬ್ಬಳ್ಳಿಯವರು. ಮೊದಲು ಮರದ ಕೆಲಸ ಮಾಡುತ್ತಿದ್ದರು, ಆಮೇಲೆ ಲಾರಿಗಳಿಗೆ ಮುಖ, ಅಂದರೆ ಮುಂದಿನ ಕ್ಯಾಬಿನ್, ಕಟ್ಟುತ್ತಿದ್ದರು, ಕಡೆಗೆ ಗಾಜುನಾರಿಗೆ ಬಂದರು. ಅವರು ಗಡಿಯಾರ ನೋಡುತ್ತಿರಲಿಲ್ಲ. ಜೆಲ್ ಹದಕ್ಕೆ ಬಂದಿದೆಯೇ ಎಂದು ಬೆರಳ ಹಿಂಭಾಗದಿಂದ ಮುಟ್ಟುತ್ತಿದ್ದರು. ಅಂಟಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಆಗ ಹಾಸು ಹೊದಿಸಬೇಕು.

“ನಲವತ್ತು ನಿಮಿಷ ಆತು ಉಸ್ತಾದ್ರ,” ಎಂದು ನಾನು ಹೇಳಿದರೆ, “ಗಡಿಯಾರಕ್ಕ ಆಗೇತ್ರಿ ಅಕ್ಕಾರ, ಜೆಲ್ಲಿಗೆ ಆಗಿಲ್ಲ,” ಎನ್ನುತ್ತಿದ್ದರು. ತಂಪು ಗಾಳಿ ಬೀಸುವ ದಿನ ಅವರ ಬೆರಳೇ ಸರಿ ಎಂದು ತಿಳಿಯಲು ನಾನು ಎರಡು ಮುಚ್ಚಳ ಹಾಳು ಮಾಡಬೇಕಾಯಿತು. ಅವಸರ ಮಾಡಿದರೆ ಬಣ್ಣ ಮುದುಕಿಯ ಚರ್ಮದಂತೆ ಸುಕ್ಕುಗಟ್ಟುತ್ತದೆ. ನಾನು ಹಲಗೆಯ ಆ ಸಾಲಿನಲ್ಲಿ ‘ನಲವತ್ತು ನಿಮಿಷ’ ಒರೆಸಿ ‘ಉಸ್ತಾದರ ಬೆರಳು’ ಎಂದು ಬರೆದೆ. ಅವರು ನಕ್ಕರು. ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವರ್ಷ ಮಳೆಗಾಲದ ನಡುವೆ ಧಾರವಾಡದ ಒಂದು ಶಾಲೆಯಿಂದ ಕೆಲಸ ಬಂತು. ಮಕ್ಕಳಿಗೆ ಸುರುಳಿ ಜಾರುಬಂಡಿ. ಆರು ತಿರುವು, ಮೂರು ಹಳದಿ, ಮೂರು ನೀಲಿ, ಒಂದರ ತುದಿಗೆ ಇನ್ನೊಂದು ಬೋಲ್ಟಿನಿಂದ ಕೂಡುವಂಥವು. ದೀಪಾವಳಿ ರಜೆ ಮುಗಿಯುವುದರೊಳಗೆ ನಿಲ್ಲಿಸಿ ಕೊಡಬೇಕು. ತಮ್ಮ ಕುಣಿದಾಡಿದ. ಅದುವರೆಗೂ ಅವನು ಬಾಗಿದ ಸಾಮಾನು ಮಾಡಿದವನೇ ಅಲ್ಲ.

ಜಾರುಬಂಡಿಯ ತಿರುವು ಸಾಮಾನ್ಯ ಬಾಗು ಅಲ್ಲ. ಅದು ಕೆಳಗಿಳಿಯುತ್ತಾ ಪಕ್ಕಕ್ಕೆ ಹೊರಳುತ್ತದೆ. ಹೊರಳುತ್ತಾ ಒಂದು ಬದಿ ಏಳುತ್ತದೆ, ಇಲ್ಲದಿದ್ದರೆ ಮಗು ಹೊರಗೆ ಹಾರುತ್ತದೆ. ಒಂದೇ ಒಂದು ನೇರ ಗೆರೆ ಅದರಲ್ಲಿಲ್ಲ. ಸ್ಕೇಲು ಇಡಲು ಜಾಗವಿಲ್ಲ. ಉಸ್ತಾದರು ಮೂರು ತಿಂಗಳು ಆ ಅಚ್ಚಿನ ಮೇಲೆ ಕೂತರು. ಮರದ ಪಕ್ಕೆಲುಬು, ಅದರ ಮೇಲೆ ತಂತಿಯ ಜಾಲರಿ, ಪ್ಲಾಸ್ಟರು, ಪುಟ್ಟಿ, ಎಲ್ಲಕ್ಕೂ ಮೇಲೆ ಗಟ್ಟಿ ಕಪ್ಪು ಜೆಲ್ಲಿನ ಕವಚ. ಆಮೇಲೆ ನೀರು ಹಾಕಿ ಉಜ್ಜುವುದು. ಕಣ್ಣು ಮುಚ್ಚಿ ಅಂಗೈ ಆಡಿಸುವರು, ಒಂದು ಕಡೆ ನಿಲ್ಲುವರು, “ಇಲ್ಲಿ ಹೊಟ್ಟಿ ಐತಿ,” ಎಂದು ಮತ್ತೆ ಉಜ್ಜುವರು. ನಾನು ದೀಪ ಹಿಡಿದು ನೋಡಿದರೂ ಆ ಉಬ್ಬು ನನಗೆ ಕಾಣುತ್ತಿರಲಿಲ್ಲ. ಕೊನೆಗೆ ಆ ಅಚ್ಚು ಆನೆಯ ಬೆನ್ನು ತಿರುಚಿಕೊಂಡು ಮಲಗಿದಂತೆ ಕಪ್ಪಗೆ ಹೊಳೆಯುತ್ತಾ ಶೆಡ್ಡಿನ ನಡುವೆ ಮರದ ಕಾಲುಗಳ ಮೇಲೆ ನಿಂತಿತು.

“ಅಕ್ಕಾರ, ಇದು ನನ್ನ ಕಡೀ ಅಚ್ಚು,” ಎಂದರು ಅವರು ಒಂದು ಮಧ್ಯಾಹ್ನ, ರೊಟ್ಟಿ ಬಿಚ್ಚುತ್ತಾ. ಮೊಣಕೈವರೆಗೆ ಚರ್ಮ ಕೆಂಪಗೆ ದದ್ದೆದ್ದಿತ್ತು. ಗಾಜಿನ ಧೂಳು ಒಳಗೆ ಹೋದರೆ ಹಾಗಾಗುತ್ತದೆ. ನಾನು ಮುಲಾಮು ತಂದುಕೊಟ್ಟಿದ್ದೆ, ಉದ್ದ ತೋಳಿನ ಅಂಗಿ ಹಾಕಿಸಿದ್ದೆ, ಆದರೆ ಮೂವತ್ತು ವರ್ಷದ ಧೂಳಿಗೆ ಮುಲಾಮು ಏನು ಮಾಡೀತು? ಬಲಗಣ್ಣಿಗೆ ಪೊರೆ ಬರತೊಡಗಿತ್ತು. “ಆರು ತಿರುವು ಹೊರಗ ಬರಲಿ. ಆಮ್ಯಾಲ ನಾ ಮನ್ಯಾಗ ಕುಂಡರತೇನಿ. ಇಂಥಾದ್ದು ಇನ್ನೊಂದು ನನ್ನ ಕೈಲೇ ಆಗಂಗಿಲ್ಲ.”

ಅವರು ಉತ್ಪ್ರೇಕ್ಷೆ ಮಾಡುವವರಲ್ಲ. ಆ ಅಚ್ಚು ಒಡೆದರೆ ಇನ್ನೊಂದು ಮಾಡುವ ಕೈ ನಮ್ಮಲ್ಲಿರಲಿಲ್ಲ.

ಅಚ್ಚಿಗೆ ಮೇಣ ಹಚ್ಚಬೇಕು. ಮೇಣವಿಲ್ಲದ ಕಡೆ ಜೆಲ್ ಅಚ್ಚಿಗೇ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಹೊಸ ಅಚ್ಚಿಗೆ ಎಂಟು ಸಲ ಹಚ್ಚಬೇಕೆಂದು ಉಸ್ತಾದರ ಲೆಕ್ಕ. ಹಚ್ಚುವುದು, ಒಣಗಲು ಬಿಡುವುದು, ಮೆತ್ತನೆಯ ಬಟ್ಟೆಯಿಂದ ತಿಕ್ಕುವುದು, ಮತ್ತೆ ಹಚ್ಚುವುದು. ಎರಡು ದಿನದ ಕೆಲಸ. ಪ್ರತಿ ಸಲವೂ ನಾನು ಪಕ್ಕದಲ್ಲಿ ನಿಂತು ಹಲಗೆಯ ಮೇಲೆ ಒಂದು ಗೀಟು ಹಾಕಿದೆ. ಎಂಟನೆಯ ಗೀಟು ಬಿದ್ದದ್ದು ಖಂಡೆ ಪೂಜೆಯ ಹಿಂದಿನ ದಿನ ಸಂಜೆ. ಪೂಜೆಯ ದಿನ ಕೆಲಸವಿಲ್ಲ, ಮರುದಿನ ದಸರೆ, ಒಳ್ಳೆಯ ದಿನ, ಮೊದಲ ತಿರುವು ಆವತ್ತೇ ಶುರು ಮಾಡುವುದು ಎಂದು ತೀರ್ಮಾನವಾಗಿತ್ತು.

ಖಂಡೆ ಪೂಜೆಯ ದಿನ ಹತಾರಗಳಿಗೆಲ್ಲ ಪೂಜೆ. ನಾನು ದುರ್ಗದಬೈಲಿನ ಪೇಟೆಗೆ ಹೋಗಿ ಚೆಂಡುಹೂ, ಕುಂಕುಮ, ಕಾಯಿ ತಂದೆ. ವಿಭೂತಿ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ತಕ್ಕಡಿ, ಗ್ರೈಂಡರು, ರೋಲರು, ಕತ್ತರಿ ಎಲ್ಲವನ್ನೂ ತೊಳೆಸಿ ಸಾಲಾಗಿ ಇಡಿಸಿ, ಒಂದೊಂದಕ್ಕೂ ವಿಭೂತಿ, ಕುಂಕುಮ, ಹೂವು. ಕೊನೆಗೆ ಅಚ್ಚಿನ ಮುಂದೆ ನಿಂತೆ. ಅದರ ನೆತ್ತಿ ನನ್ನ ಎದೆಯ ಎತ್ತರಕ್ಕಿತ್ತು. ಹಣೆಯಂತೆಯೇ ಇತ್ತು. ಮೂರು ಬೆರಳಲ್ಲಿ ವಿಭೂತಿ ಎಳೆದೆ, ಅಡ್ಡಕ್ಕೆ, ಗಟ್ಟಿಯಾಗಿ, ಅಂಗೈ ಅಗಲ. ಅದರ ನಡುವೆ ಕುಂಕುಮದ ಬೊಟ್ಟು. ಬಾಗಿಲಲ್ಲಿ ನಿಂತಿದ್ದ ಉಸ್ತಾದರು ಕೈ ಅರ್ಧ ಎತ್ತಿದ್ದು ಕಂಡಿತು. ನಮಸ್ಕಾರಕ್ಕೆ ಎಂದುಕೊಂಡೆ. ಆ ಮೇಲೆ ಎಲ್ಲರಿಗೂ ಚುರುಮುರಿ, ಕೊಬ್ಬರಿ, ಸಕ್ಕರೆ ಹಂಚಿ ಬಾಗಿಲು ಹಾಕಿದೆವು.

ದಸರೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಹೂವು ತೆಗೆದೆ. ಒಣಬಟ್ಟೆಯಿಂದ ಅಚ್ಚನ್ನು ಒರೆಸಿದರೆ ವಿಭೂತಿ ಹೋಯಿತು, ಆದರೆ ಮಸುಕು ಉಳಿಯಿತು, ಕುಂಕುಮವಂತೂ ಮೇಣದಲ್ಲಿ ಇಳಿದು ಕೆಂಪಗೆ ನಿಂತಿತ್ತು. ಮೊದಲ ತಿರುವು ಹಳದಿ. ಹಳದಿಯ ಮುಖದಲ್ಲಿ ಕುಂಕುಮದ ಕಲೆ ಮೂಡಿದರೆ? ಮಕ್ಕಳು ಜಾರುವುದೇ ಆ ನಡುಭಾಗದಲ್ಲಿ. ಬ್ರಶ್ ತೊಳೆಯುವ ಅಸಿಟೋನ್ ಡಬ್ಬಿ ಅಲ್ಲೇ ಇತ್ತು. ಬಿಳಿ ಬಟ್ಟೆಯ ತುಂಡುಗಳನ್ನು ಅದ್ದಿ, ಥಿಯೇಟರಿನಲ್ಲಿ ಚರ್ಮ ಸ್ವಚ್ಛ ಮಾಡುವ ಹಾಗೆ ಒಂದು ಬಟ್ಟೆಗೆ ಒಂದೇ ಎಳೆತ, ಎಡದಿಂದ ಬಲಕ್ಕೆ. ಒಂದು ಪಟ್ಟಿಗೆ ಒಂದು ಬಟ್ಟೆ. ಕೊನೆಗೆ ಬೊಟ್ಟಿಗೆ ಒಂದು, ದುಂಡಗೆ. ಎಲ್ಲ ಹೋಯಿತು. ಹಲಗೆಯಲ್ಲಿ ‘ಅಚ್ಚು ಸ್ವಚ್ಛ’ ಎಂಬ ಸಾಲಿಗೆ ಗುರುತು ಹಾಕಿ ಸಹಿ ಮಾಡಿದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಆ ದಿನದ ಕೆಲಸ ಸುಸೂತ್ರ ನಡೆಯಿತು. ಹಳದಿ ಪೇಸ್ಟನ್ನು ನಾನೇ ತೂಗಿದೆ. ಜೆಲ್ ಬಳಿದದ್ದು ಉಸ್ತಾದರು. ಅವರ ಬೆರಳು ಒಪ್ಪಿದ ಮೇಲೆ ಹಾಸು, ರಾಳ, ರೋಲರು. ಸಂಜೆ ಎಲ್ಲರೂ ಬನ್ನಿ ಎಲೆ ಹಂಚಿಕೊಂಡು “ಬಂಗಾರದಂಗ ಇರೂಣು” ಎಂದು ಹೇಳಿಕೊಂಡೆವು.

ಮರುದಿನ ಹತ್ತು ಗಂಟೆಗೆ ಬಿಡಿಸಲು ನಿಂತೆವು. ಅಂಚಿನ ಸುತ್ತ ಮರದ ಬೆಣೆ ಸೇರಿಸಿ, ಸಂದಿಗೆ ನೀರು ಬಿಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಬೇಕು. ಬಿಟ್ಟುಕೊಂಡ ಕಡೆ ಚಟ್ ಅಂತ ಸದ್ದು ಬರುತ್ತದೆ. ಎಡಗಡೆ ಬಂತು, ಬಲಗಡೆ ಬಂತು, ಎರಡೂ ತುದಿ ಬಂದವು. ನೆತ್ತಿ ಬರಲಿಲ್ಲ. ರಾಳ ಗಟ್ಟಿಯಾಗುವಾಗ ಕುಗ್ಗುತ್ತದೆ, ಉಬ್ಬಿದ ಅಚ್ಚನ್ನು ಇನ್ನೂ ಬಿಗಿಯಾಗಿ ತಬ್ಬುತ್ತದೆ. ಅಷ್ಟೇ ಇರಬಹುದು ಎಂದು ಒಂದು ತಾಸು ನೋಡಿದೆವು. ಬಿಸಿನೀರು ಸುರಿದೆವು. ಗಾಳಿ ಬಿಟ್ಟೆವು. ಅಲುಗಲಿಲ್ಲ.

ಉಸ್ತಾದರು ಜೇಬಿನಿಂದ ಒಂದು ನಾಣ್ಯ ತೆಗೆದು, ಕಿವಿಯನ್ನು ಹತ್ತಿರ ಒಡ್ಡಿ, ತಿರುವಿನ ಮೈಯನ್ನು ತಟ್ಟುತ್ತಾ ಹೋದರು. ಬಿಟ್ಟುಕೊಂಡ ಜಾಗ ಡಬ್ಬಿಯಂತೆ ಪೊಳ್ಳಾಗಿ ದನಿ ಕೊಡುತ್ತದೆ, ಕಚ್ಚಿದ ಜಾಗ ನೆಲದಂತೆ ಮೊಂಡು. ಮೊಂಡು ಕೇಳಿದಲ್ಲೆಲ್ಲ ಅವರು ಸೀಮೆಸುಣ್ಣದಿಂದ ಗುರುತು ಮಾಡಿದರು. ಒಂದು ಅಡ್ಡ ಪಟ್ಟಿ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ನಡುವೆ ಒಂದು ದುಂಡು.

ನಾನು ನೋಡುತ್ತಾ ನಿಂತೆ.

ತಮ್ಮನಿಗೆ ಆ ಆಕಾರ ತಿಳಿಯಲಿಲ್ಲ. ಅವನು ಅಷ್ಟರಲ್ಲೇ ಸಿಟ್ಟಾಗಿದ್ದ. “ಮೇಣ ಬಿಟ್ಟೀರಿ ಉಸ್ತಾದ್ರ. ಕಣ್ಣು ಕಾಣಂಗಿಲ್ಲ ಅಂದ್ರ ಹೇಳಬೇಕಿತ್ತು. ಮೂರು ತಿಂಗಳ ಕೆಲಸ, ಒಂದ್ ಅಂಗೈ ಜಾಗಾದ ಸಲುವಾಗಿ ಹೋತು!”

“ಎಂಟ್ ಸಲಾ ಹಚ್ಚೇನ್ರಿ,” ಎಂದರು ಉಸ್ತಾದರು, ಅಷ್ಟೇ. ಅವರ ನೋಟ ಅಚ್ಚಿನ ಮೇಲಿತ್ತು, ನನ್ನ ಮೇಲೆ ಅಲ್ಲ.

ಹಲಗೆಯಲ್ಲಿ ಎಂಟು ಗೀಟು ಇದ್ದವು. ಅದರ ಕೆಳಗೆ ‘ಅಚ್ಚು ಸ್ವಚ್ಛ’, ಪಕ್ಕದಲ್ಲಿ ನನ್ನ ಸಹಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ, ಅದನ್ನೂ ಬರೆಯುತ್ತೇನೆ. ಅದು ನನ್ನೊಳಗೆ ನಿಂತದ್ದು ಒಂದು ಉಸಿರಿನಷ್ಟು ಹೊತ್ತು.

“ಮೇಣ ಅವರು ಬಿಟ್ಟಿಲ್ಲ. ನಾ ತಗದೇನಿ,” ಅಂದೆ. “ಖಂಡೆ ಪೂಜಿ ದಿನಾ ಈಬತ್ತಿ ಹಚ್ಚಿದ್ದೆ. ನಿನ್ನೆ ಮುಂಜಾನೆ ಅದನ್ನ ಅಸಿಟೋನ್ ಹಚ್ಚಿ ಒರಸಿದೆ. ಈಬತ್ತಿ ಜೋಡಿ ಮೇಣಾನೂ ಬಂದೈತಿ. ನೋಡು, ಮೂರು ಪಟ್ಟಿ, ಒಂದ್ ಬೊಟ್ಟು.”

ಗುರುತನ್ನು ನೋಡಿದ ತಮ್ಮ ನನ್ನ ಕಡೆ ತಿರುಗಿದ. “ನೀನಾ? ಅಕ್ಕಾ, ಊರಿಗೆಲ್ಲಾ ಪಾಟಿ ತೋರಿಸಿ ಬೈತಿದ್ದಿ!”

“ಹೌದು. ಇವತ್ತ ನೀ ನನ್ನ ಬೈ. ಅವರನ್ನಲ್ಲ.”

ಹಾಸು ಕತ್ತರಿಸುವವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ ಅವಳಿಗೆ. “ನಮ್ಮ ಅವ್ವಾರು ದೇವರ ಹಣಿಗೂ ಸ್ಪಿರಿಟ್ ಹಚ್ಚಿ ಒರಸೋರು,” ಅಂದುಬಿಟ್ಟಳು. ಯಾರೂ ನಗಲಿಲ್ಲ. ಆದರೆ ಶೆಡ್ಡಿನೊಳಗೆ ಬಿಗಿದಿದ್ದ ಏನೋ ಸ್ವಲ್ಪ ಸಡಿಲಾಯಿತು.

ಆಗ ಉಸ್ತಾದರು ಬಾಯಿ ತೆರೆದರು. “ನಂದೂ ತಪ್ಪೈತ್ರಿ. ಮೇಣದ ಮ್ಯಾಲ ಈಬತ್ತಿ ಹಚ್ಚೂದು ನೋಡಿದ್ದೆ. ಕೈ ಎತ್ತಿದ್ದೆ. ಹಬ್ಬದ ದಿನಾ, ನಿಮ್ಮ ಪೂಜಿ, ನಡುವ ನಾ ಬಾಯಿ ಹಾಕಿದ್ರ ಛಲೋ ಕಾಣತೈತೇನು ಅಂತ ಸುಮ್ಮನಾದೆ. ಮುಂಜಾನೆ ಬಂದು ಇನ್ನೊಂದ್ ಸಲಾ ಮೇಣಾ ಹಚ್ಚೂಣು ಅಂದಕೊಂಡಿದ್ದೆ. ಬಂದು ನೋಡಿದ್ರ ಪಾಟಿ ಮ್ಯಾಲ ನಿಮ್ಮ ಸಹಿ. ನಿಮ್ಮ ಸಹಿ ಆದ ಮ್ಯಾಲ ಏನು ಕೇಳೂದು?”

ಇದು ನನಗೆ ಮೊದಲಿನದಕ್ಕಿಂತ ಹೆಚ್ಚು ತಾಗಿತು. ನಿನ್ನೆ ಸೇರಿದ ಹುಡುಗಿಯೂ ಸರ್ಜನ್‌ನನ್ನು ನಿಲ್ಲಿಸಬಹುದಾದ ಜಾಗದಿಂದ ಬಂದವಳು ನಾನು. ಇಲ್ಲಿ ಹಲಗೆ ತೂಗುಹಾಕಿದೆ, ಸಾಲು ಬರೆದೆ, ಸಹಿ ಮಾಡಿದೆ. ‘ನಿಲ್ಲಿಸಿ’ ಎನ್ನುವ ಹಕ್ಕನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಮರುಗುತ್ತಾ ಕೂರುವುದು ನನ್ನ ಅಭ್ಯಾಸವಲ್ಲ. “ಈಗ ಏನು ಮಾಡೂದು, ಅದನ್ನ ಹೇಳ್ರಿ,” ಅಂದೆ.

ಸರಪಳಿ ಹಾಕಿ ಮೇಲಕ್ಕೆ ಎಳೆಯೋಣ ಎಂದ ತಮ್ಮ. ಉಸ್ತಾದರು ತಲೆ ಆಡಿಸಿದರು. ಎಳೆದರೆ ಅಚ್ಚಿನ ಕಪ್ಪು ಕವಚ ಕಿತ್ತು ತಿರುವಿನ ಜೊತೆಗೇ ಬರುತ್ತದೆ. ಆ ಹೆಂಗಸು ಕೇಳಿದಳು, “ಚಾಚಾ, ಹೆರಿಗ್ಯಾಗ ಕೇಳ್ತಾರಲ್ಲಾ, ತಾಯಿನೋ ಕೂಸೋ ಅಂತ?”

ಥಿಯೇಟರಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಸಿನಿಮಾದಲ್ಲಿ ಮಾತ್ರ ಕೇಳುತ್ತಾರೆ. ಆದರೆ ಅವಳ ಪ್ರಶ್ನೆ ಸರಿಯಾಗಿತ್ತು.

“ತಾಯಿ,” ಎಂದರು ಉಸ್ತಾದರು. “ಕೂಸು ಇನ್ನೊಂದು ಆಕ್ಕೈತಿ.”

ತಿರುವನ್ನು ಅಚ್ಚಿನ ಮೇಲೆಯೇ ಕತ್ತರಿಸಬೇಕು. ಅದರ ದಪ್ಪ ಅರ್ಧ ಬೆರಳಿನಷ್ಟೂ ಇಲ್ಲ. ಸ್ವಲ್ಪ ಹೆಚ್ಚು ಇಳಿದರೆ ಗ್ರೈಂಡರಿನ ಚಕ್ರ ಅಚ್ಚನ್ನು ಕೊಯ್ಯುತ್ತದೆ. ಉಸ್ತಾದರ ಕೈ ಸ್ಥಿರವಿತ್ತು, ಆದರೆ ಪೊರೆ ಬಂದ ಕಣ್ಣಿಗೆ ಕನ್ನಡಕದೊಳಗಿಂದ ಆಳ ಕಾಣುತ್ತಿರಲಿಲ್ಲ. “ಪುಡಿ ಬಣ್ಣಾ ನೀವು ನೋಡ್ರಿ ಅಕ್ಕಾರ,” ಅಂದರು. “ಗಾಜುನಾರು ಬಿಳಿ. ಬಿಳಿ ಪುಡಿ ಬರೂತನಕಾ ಚಿಂತಿಲ್ಲ. ಹಳದಿ ಬಂತಂದ್ರ ಕಡೀ ಪದರು. ಒದರ್ರಿ, ನಾ ನಿಲ್ಲಸತೇನಿ. ಕಪ್ಪು ಬಂತಂದ್ರ…”

ಕಪ್ಪು ಅಚ್ಚಿನ ಬಣ್ಣ.

ಮಾಸ್ಕು, ಕನ್ನಡಕ, ಕೈಗವಸು ಹಾಕಿಕೊಂಡೆ. ಎಡಗೈಯಲ್ಲಿ ದೀಪ. ಗ್ರೈಂಡರು ಕೂಗಿತು. ಪಟ್ಟಿಗಳ ಸುತ್ತ ಸೀಮೆಸುಣ್ಣದ ಗೆರೆ ಹಿಡಿದು ಅವರು ಇಳಿದರು. ನಾನು ಬಗ್ಗಿ ಆ ಸೀಳಿನ ಅಂಚಿನಲ್ಲಿ ಏಳುವ ಪುಡಿಯನ್ನಷ್ಟೇ ನೋಡುತ್ತಿದ್ದೆ. “ಬಿಳಿ. ಬಿಳಿ. ಬಿಳಿ. ಹಳದಿ, ನಿಲ್ರಿ!” ಅವರು ಎತ್ತಿದರು. ಎರಡು ಬೆರಳು ಮುಂದೆ. “ಬಿಳಿ. ಬಿಳಿ. ಹಳದಿ!” ನನ್ನ ದನಿ ಗ್ರೈಂಡರನ್ನು ಮೀರಬೇಕು. ವಾರ್ಡಿನಲ್ಲಿ ಕೂಡ ನಾನು ಹಾಗೆ ಕೂಗಿದವಳಲ್ಲ. ಬೊಟ್ಟಿನ ಹತ್ತಿರ, ಬಾಗು ತಿರುಗುವಲ್ಲಿ, ಒಂದು ಸಲ ಕಪ್ಪು ಎದ್ದಿತು, ನೊಣದ ರೆಕ್ಕೆಯಷ್ಟು. ನಾನು ಕೂಗುವ ಮೊದಲೇ ಅವರು ನಿಲ್ಲಿಸಿದ್ದರು. ಕೈಗೆ ಗೊತ್ತಾಗಿತ್ತು.

ಊಟದ ಹೊತ್ತು ಮೀರಿತು. ಎಂದೂ ಒಂದು ಗಂಟೆಯ ಊಟ ತಪ್ಪಿಸದ ನನಗೆ ಅದರ ನೆನಪೂ ಆಗಲಿಲ್ಲ. ಮೂರರ ಹೊತ್ತಿಗೆ ಸೀಳುಗಳೆಲ್ಲ ಕೂಡಿದವು. ಬೆಣೆ ಹೊಡೆದಾಗ ಉಳಿದ ತಿರುವು ಎರಡು ತುಂಡಾಗಿ ಕಳಚಿ ಬಂತು. ಅಚ್ಚು ನಿಂತಿತ್ತು. ಅದರ ಕಪ್ಪು ನೆತ್ತಿಯ ಮೇಲೆ ಮೂರು ಹಳದಿ ಪಟ್ಟಿ, ನಡುವೆ ಒಂದು ಹಳದಿ ಬೊಟ್ಟು. ನಾನು ಹಚ್ಚಿದ ವಿಭೂತಿ ಗಾಜುನಾರಾಗಿ ಅಲ್ಲೇ ಕೂತಿತ್ತು.

“ಇನ್ನ ಇದನ್ನ ಉಜ್ಜಿ ತಗೀಬೇಕು,” ಎಂದು ಉಸ್ತಾದರು ತೋಳು ಮಡಿಸಲು ಹೊರಟರು. ಆ ದದ್ದುಗಳನ್ನು ನೋಡಿದೆ.

“ನೀವು ಕುಂಡರ್ರಿ. ಉಜ್ಜೂದು ನಂದು,” ಅಂದೆ.

“ಅಕ್ಕಾರ, ಇದು ಎಂಟ್ ದಿನದ್ದ ಕೆಲಸ.”

“ಎಂಟ್ ದಿನಾ ಅಂದ್ರ ಎಂಟ್ ದಿನಾ. ತಪ್ಪು ನಂದು, ತೋಳೂ ನಂದ ಇರಲಿ. ನೀವು ಅಂಗೈ ಆಡಿಸಿ ಹೇಳ್ರಿ, ಅಷ್ಟ ಸಾಕು.”

ಶಾಲೆಗೆ ತಮ್ಮ ಫೋನ್ ಮಾಡಿ, ಅಚ್ಚಿನ ದುರಸ್ತಿಯಿದೆ, ಹತ್ತು ದಿನ ಹೆಚ್ಚು ಬೇಕು ಎಂದು ಕೇಳಿದ. ಬೈದರು, ಕೊಟ್ಟರು.

ಒರಟು ಕಾಗದದಿಂದ ಶುರು. ಮೊದಲ ಮೂರು ದಿನ ಪಟ್ಟಿಗಳನ್ನು ಸವೆಸುವುದೇ ಆಯಿತು. ನೀರು ಹಾಕಿ ಉಜ್ಜುವಾಗ ಹಳದಿ ಕೆಸರು ಇಳಿಯುತ್ತದೆ, ಒರೆಸಿ ನೋಡಬೇಕು, ಮತ್ತೆ ಉಜ್ಜಬೇಕು. ಸೀಳು ತಾಗಿದಲ್ಲಿ ಉಸ್ತಾದರು ಕಪ್ಪು ಜೆಲ್ ತುಂಬಿಸಿದರು. ಆಮೇಲೆ ಒಂದಕ್ಕಿಂತ ಒಂದು ನಯವಾದ ಕಾಗದ. ಒಂದು ನಂಬರು ಬಿಟ್ಟು ಹಾರಿದರೆ ಹಿಂದಿನ ಗೀರು ಉಳಿಯುತ್ತದೆ. ಇದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಹನ್ನೊಂದೂವರೆಯಿಂದ ಒಂದು, ಎರಡರಿಂದ ನಾಲ್ಕೂವರೆ. ಭುಜ ನೋಯುತ್ತಿತ್ತು. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ. ಅನ್ನ ಮಾಡಿಕೊಂಡೆ.

ನಾಲ್ಕನೆಯ ದಿನ ನನಗೆ ಸಪಾಟಾಗಿ ಕಂಡಿತು. ಉಸ್ತಾದರು ಕಣ್ಣು ಮುಚ್ಚಿ ಅಂಗೈ ಆಡಿಸಿ, “ಇಲ್ಲಿ ಹೊಟ್ಟಿ, ಇಲ್ಲಿ ತಗ್ಗು,” ಎಂದರು. ನನಗೆ ಏನೂ ತಿಳಿಯಲಿಲ್ಲ.

“ಕೈಗವಸು ತಗದು ಮುಟ್ಟರಿ.”

“ಧೂಳು ಇರತೈತಿ.”

“ತೊಳದು ಮುಟ್ಟರಿ. ಆಮ್ಯಾಲ ಮತ್ತ ಹಾಕ್ಕೋರಿ. ಮುಸುಕು ಹಾಕ್ಕೊಂಡು ಹೆಣ್ಣು ನೋಡಾಕ ಹೋದ್ರ ಏನು ಕಾಣತೈತಿ?”

ಕತ್ತರಿಯ ಹೆಂಗಸು ಜೋರಾಗಿ ನಕ್ಕಳು. ನಾನು ಅಚ್ಚನ್ನು ತೊಳೆದು ಕೈಗವಸು ತೆಗೆದೆ. “ಕಣ್ಣು ಮುಚ್ಚರಿ. ಬೆರಳಲ್ಲ, ಪೂರಾ ಅಂಗೈ. ಒತ್ತಬ್ಯಾಡ್ರಿ. ಕುದರಿ ಮೈ ಸವರಿದಂಗ.” ಮೂವತ್ತು ವರ್ಷ ನಾನು ಮೈ ಮುಟ್ಟಿದ್ದು ಕೈಗವಸಿನೊಳಗಿಂದ. ಮೂರನೆಯ ಸಲಕ್ಕೆ, ಎರಡನೆಯ ಪಟ್ಟಿ ಇದ್ದ ಜಾಗದಲ್ಲಿ, ಅಂಗೈ ಒಂದು ಕ್ಷಣ ಏರಿ ಇಳಿಯಿತು. ಕಣ್ಣಿಗೆ ಕಾಣದ ಗುಡ್ಡ. “ಇಲ್ಲಿ ಐತಿ,” ಅಂದೆ. ದನಿ ಜೋರಾಗಿಯೇ ಬಂದಿರಬೇಕು, ತಮ್ಮ ಹೊರಗಿನಿಂದ ಇಣುಕಿದ.

“ಹಾಂ,” ಎಂದರು ಉಸ್ತಾದರು. “ಈಗ ಉಜ್ಜರಿ.”

ಎಂಟು ದಿನ ಎಂದದ್ದು ಒಂಬತ್ತಾಯಿತು. ಒಂಬತ್ತನೆಯ ಸಂಜೆ ಅವರು ಅಂಗೈಯನ್ನು ತುದಿಯಿಂದ ತುದಿಗೆ ಮೂರು ಸಲ ಆಡಿಸಿದರು, ಎಲ್ಲೂ ನಿಲ್ಲಲಿಲ್ಲ. ಮೇಣದ ಡಬ್ಬಿ ತೆಗೆದರು. ಎಂಟು ಸಲ ಮೇಣ, ಎಂಟು ಗೀಟು. ಆಮೇಲೆ ನಾನು ಹಲಗೆಯ ತುದಿಗೆ, ಎಲ್ಲ ಸಾಲಿಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದೆ: ‘ಯಾರಾದರೂ ಯಾರನ್ನಾದರೂ ನಿಲ್ಲಿಸಬಹುದು.’

“ಅವ್ವಾರ, ನಿಮ್ಮನ್ನೂ?” ಎಂದಳು ಕತ್ತರಿಯವಳು.

“ನನ್ನ ಮೊದಲು.”

ಎರಡನೆಯ ಸಲದ ಹಳದಿ ತಿರುವನ್ನು ಬಿಡಿಸುವಾಗ ಎಲ್ಲರೂ ಸುತ್ತ ನಿಂತಿದ್ದೆವು. ಬೆಣೆ, ನೀರು, ರಬ್ಬರ್ ಸುತ್ತಿಗೆ. ಎಡ ಬಂತು, ಬಲ ಬಂತು. ನೆತ್ತಿಯ ಹತ್ತಿರ ಉಸ್ತಾದರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಎರಡು ಏಟು ಹಾಕಿದೆ. ಮೂರನೆಯದಕ್ಕೆ ಗಾಳಿ ಒಳಗೆ ಹೋದ ಸದ್ದು, ಉಸಿರು ಎಳೆದುಕೊಂಡಂತೆ, ಕೇಳಿಸಿತು, ಇಡೀ ತಿರುವು ಅಚ್ಚಿನ ಮೇಲೆ ಒಮ್ಮೆ ಅಲುಗಿ ಸುಮ್ಮನಾಯಿತು. ನಾಲ್ಕು ಜನ ಎತ್ತಿ ತಿರುವಿದರು. ಒಳಗೆಲ್ಲ ನಿಂಬೆಹಣ್ಣಿನ ಹಳದಿ, ಒದ್ದೆ ಮಾಡಿದಂತೆ ಹೊಳಪು. ನಾನು ನಡುಭಾಗದಲ್ಲಿ ಅಂಗೈ ಆಡಿಸಿದೆ. ಮೂರು ಪಟ್ಟಿಯ ಜಾಗ ಹುಡುಕಿದೆ. ಸಿಗಲಿಲ್ಲ. ಉಸ್ತಾದರಿಗೆ ಸಿಕ್ಕಿತು.

“ಐತಿ,” ಎಂದರು ಮೆಲ್ಲಗೆ. “ನನಗ ಗೊತ್ತಾಗತೈತಿ. ಹುಡುಗೂರ ಕುಂಡಿಗೆ ಗೊತ್ತಾಗಂಗಿಲ್ಲ ಬಿಡ್ರಿ.”

ಆರು ತಿರುವೂ ಬಂದವು. ಜಾರುಬಂಡಿ ಧಾರವಾಡದಲ್ಲಿ ನಿಂತಿತು. ಉಸ್ತಾದರು ಹೇಳಿದಂತೆಯೇ ಕೆಲಸ ಬಿಟ್ಟು ಮನೆಯಲ್ಲಿ ಕೂತರು, ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ನಾನೇ ಕರೆದುಕೊಂಡು ಹೋಗಿದ್ದೆ. ಅಚ್ಚು ನಮ್ಮಲ್ಲೇ ಉಳಿಯಿತು. ಅದರಿಂದ ಇನ್ನೆರಡು ಶಾಲೆಗೆ ಮಾಡಿಕೊಟ್ಟೆವು. ಉಜ್ಜುವುದು ಬಂದರೆ ಈಗ ನನ್ನನ್ನೇ ಕರೆಯುತ್ತಾರೆ.

ಮುಂದಿನ ವರ್ಷದ ಖಂಡೆ ಪೂಜೆಗೆ ಅವರನ್ನು ಕರೆದೆವು. ಹೊಸ ಕಣ್ಣಿನಲ್ಲಿ ಶೆಡ್ಡನ್ನೆಲ್ಲ ನೋಡುತ್ತಾ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನಾನು ಹತಾರಗಳಿಗೆಲ್ಲ ವಿಭೂತಿ ಹಚ್ಚಿ ಮುಗಿಸಿ, ಬಟ್ಟಲು ಹಿಡಿದು ಅಚ್ಚಿನ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದೆ ಅಷ್ಟೇ.

“ಅಕ್ಕಾರ! ನಿಲ್ರಿ!”

ಶೆಡ್ಡೆಲ್ಲ ಕೇಳುವಂತೆ ಕೂಗಿದರು. ಹೂ ಕಟ್ಟುತ್ತಿದ್ದ ಕತ್ತರಿಯವಳ ಕೈಯಿಂದ ದಾರ ಜಾರಿತು. ನಾನು ನಿಂತೆ.

“ಅಚ್ಚಿಗಲ್ಲ, ಅದರ ಮರದ ಕಾಲಿಗೆ ಹಚ್ಚಾಕ ಹೊಂಟಿದ್ದೆ ಉಸ್ತಾದ್ರ,” ಅಂದೆ.

“ಗೊತ್ತೈತ್ರಿ,” ಅಂದರು. “ಪಾಟಿ ಮ್ಯಾಲ ಬರದೈತಲ್ಲಾ, ಅದಕ್ಕ ಒದರಿದೆ. ಹಚ್ಚರಿ ಈಗ.”

ಅಚ್ಚು ಹೊತ್ತ ಮರದ ಕಾಲಿನ ಮುಂದೆ ಕೂತು, ಮೂರು ಬೆರಳಲ್ಲಿ ವಿಭೂತಿ ಎಳೆದೆ.